ಏಕಕಾಲಕ್ಕೆ ಸಾವಿರ ಜನ ಕರೆದರೆ?

ಪ್ರಶ್ನೆ: ನಮ್ಮ ಮನಸ್ಸು ಇಬ್ಬರ ಮಾತನ್ನೇ ಒಟ್ಟಿಗೆ ಹಿಡಿಯಲಾರದು. ಸಾವಿರ ಜನ ಒಮ್ಮೆಲೇ ಕರೆದರೆ ದೇವರ ಅರಿವು ಅದನ್ನು ಹೇಗೆ ತಾಳೀತು? ಭಾವುಕ ಉತ್ತರ ಬೇಡ, ಅದು ನನ್ನಲ್ಲೇ ಬೇಕಾದಷ್ಟಿದೆ.

ಉತ್ತರ: ಹಳೇ ಜಗಳ ಸಾರ್ ಇದು: ಒಬ್ಬ ದೇವತೆ ಏಕಕಾಲಕ್ಕೆ ಹಲವು ಯಾಗಗಳಿಗೆ ಹೇಗೆ ಒದಗೀತು ಅಂತ. ವೇದದ ಯಜ್ಞಕರ್ಮಗಳನ್ನು ವಿಚಾರಿಸುವ ಮೀಮಾಂಸಾ ಶಾಸ್ತ್ರದ ಭಾಷ್ಯಕಾರ ಶಬರ, ದೇವತೆಗೆ ಶರೀರವೇ ಇಲ್ಲ, ಹವಿಸ್ಸು ಉಣ್ಣುವುದೂ ಇಲ್ಲ, ಮೆಚ್ಚುವುದೂ ಇಲ್ಲ ಎಂದುಬಿಟ್ಟ. ಫಲ ಬರುವುದು ಕರ್ಮದಿಂದ ಹುಟ್ಟುವ ‘ಅಪೂರ್ವ’ ಎಂಬ ಕಾಣದ ಶಕ್ತಿಯಿಂದಲಂತೆ. ಶಂಕರರು ಬ್ರಹ್ಮಸೂತ್ರ 1.3.27ರ ಭಾಷ್ಯದಲ್ಲಿ ಒಪ್ಪಲಿಲ್ಲ. ಯೋಗಿಯೇ ಹಲವು ದೇಹ ತಾಳಬಲ್ಲನಾದರೆ ದೇವತೆಗೇನು ಕಷ್ಟ? ನನಗೆ ಹಿಡಿಸಿದ್ದು ಅಲ್ಲಿನ ಇನ್ನೊಂದು ವಾದ: ಒಬ್ಬನಿಗೆ ಹಲವರು ಏಕಕಾಲಕ್ಕೆ ಉಣಿಸಲಾಗದು, ಆದರೆ ಏಕಕಾಲಕ್ಕೆ ನಮಸ್ಕರಿಸಬಹುದು; ದೇವತೆಯನ್ನು ಉದ್ದೇಶಿಸಿ ಕೊಡುವ ಆಹುತಿಯೂ ನಮಸ್ಕಾರದಂತೆಯೇ.

ಮತ್ತೊಬ್ಬರು: ಅಲ್ಲಿ ಮಾತು ಇಂದ್ರಾದಿಗಳದ್ದು. ಈಶ್ವರ ಅಂತರ್ಯಾಮಿ, ಕರೆ ಹೊರಗಿನಿಂದ ತಲುಪಬೇಕಾಗಿಯೇ ಇಲ್ಲ.

ಪ್ರಶ್ನೆ ಕೇಳಿದವರು: ಒಳಗೇ ಇರುವವನನ್ನು ಮತ್ತೆ ಕೂಗುವುದೇಕೆ?