ಪ್ರಶ್ನೋತ್ತರ: ಯಜಮಾನರ ನಡತೆ, ಕಂಪನಿಯ ಹೆಸರು

ಅಡ್ಮಿನ್: ಇವತ್ತು ಸಂಜೆ ನಮ್ಮ ಮೈಸೂರು–ಮಂಡ್ಯ ಸಣ್ಣ ಉದ್ಯಮಿಗಳ ಗುಂಪಿನಲ್ಲಿ ಸರಸ್ವತಿಪುರಂನ ಬ್ರ್ಯಾಂಡ್ ಸಲಹೆಗಾರ್ತಿ ಮೇಡಂ ಇರುತ್ತಾರೆ. ಮೇಲಿರುವವರ ಸ್ವಂತ ನಡತೆಯಿಂದ ಕಂಪನಿ ಹೆಸರಿಗೆ ಏನಾಗುತ್ತದೆ ಅನ್ನುವುದು ವಿಷಯ. ಒಬ್ಬರಿಗೆ ಒಂದೇ ಪ್ರಶ್ನೆ, ದಯವಿಟ್ಟು.

ಹೂಟಗಳ್ಳಿ, ಬಿಡಿಭಾಗ ತಯಾರಿಕೆ: ನಮ್ಮ ಎಂಡಿ ಫೇಸ್‌ಬುಕ್‌ನಲ್ಲಿ ದಿನಾ ರಾಜಕೀಯ ಬರೆಯುತ್ತಾರೆ. ತೊಂದರೆ ಇದೆಯಾ ಮೇಡಂ?

ಮೇಡಂ: ನಿಮ್ಮ ಮಾಲು ತಗೊಳ್ಳುವುದು ನಾಲ್ಕೈದು ಕಂಪನಿ, ಅಲ್ವಾ? ಅವರ ಖರೀದಿ ವಿಭಾಗದವರು ಓದುತ್ತಾರೆ ಅಂದುಕೊಂಡು ಬರೆಯಲಿ.

ಬೋಗಾದಿ, ಹೋಂಸ್ಟೇ: ಮೇಡಂ, ನಮ್ಮ ಪಾಲುದಾರರ ಡೈವೋರ್ಸ್ ಕೇಸ್ ನಡೆಯುತ್ತಿದೆ. ವೆಬ್‌ಸೈಟಿನಲ್ಲಿ ಗಂಡ ಹೆಂಡತಿ ಇಬ್ಬರ ಫೋಟೊ ಇದೆ. ತೆಗೆಯಬೇಕಾ?

ಮಂಡ್ಯ, ಬೆಲ್ಲ: ನಮ್ಮದು ಬೆಲ್ಲದ ವ್ಯಾಪಾರ. ಅಚ್ಚು, ಬಕೆಟ್, ಪುಡಿ ಮೂರೂ ಇದೆ. ನಾನು ಲೆಕ್ಕ ನೋಡುವ ಅಳಿಯ. ಪ್ಯಾಕೆಟ್ ಮೇಲೆ ನಮ್ಮ ಮಾವನವರ ನಗುಮುಖ. ಹದಿನೈದು ದಿನದ ಹಿಂದೆ ಟೋಲ್‌ನಲ್ಲಿ ಫಾಸ್ಟ್‌ಟ್ಯಾಗ್ ಓದಲಿಲ್ಲ ಅಂತ ಅಲ್ಲಿನ ಹುಡುಗನ ಕೆನ್ನೆಗೆ ಹೊಡೆದುಬಿಟ್ಟರು. ಹಿಂದಿನ ಕಾರಿನವರು ವಿಡಿಯೊ ಮಾಡಿದರು. ಹಾಸನದ ಡಿಸ್ಟ್ರಿಬ್ಯೂಟರ್ 60 ಬಾಕ್ಸ್ ವಾಪಸ್ ಕಳಿಸಿದ್ದಾರೆ. ಈಗ ಗೋಡೌನ್‌ನಲ್ಲಿ ಇಬ್ಬರು ಹೆಂಗಸರು ಕೂತು ಮಾವನ ಮುಖದ ಮೇಲೆ ಹಸಿರು ಸ್ಟಿಕ್ಕರ್ ಅಂಟಿಸುತ್ತಿದ್ದಾರೆ. ಅಂಗಡಿಯಲ್ಲಿ ಜನ ಅದನ್ನು ಉಗುರಲ್ಲಿ ಕೆರೆದು ನೋಡುತ್ತಾರಂತೆ. ಬೆಲ್ಲದಲ್ಲಿ ಏನೂ ದೋಷ ಇಲ್ಲ.

ಮೇಡಂ: ಪ್ಯಾಕೆಟ್ ಮೇಲೆ ಏನು ಬರೆದಿದೆ?

ಮಂಡ್ಯ, ಬೆಲ್ಲ: ‘ಮನೆ ಹಿರಿಯರ ನಂಬಿಕೆ’.

ಮೇಡಂ: ಅಲ್ಲೇ ಪೆಟ್ಟು ಬಿದ್ದಿರುವುದು. ಸಿಮೆಂಟ್ ಮಾರುವವರು ಹೊಡೆದಿದ್ದರೆ ಇಷ್ಟು ತಟ್ಟುತ್ತಿರಲಿಲ್ಲ. ನೀವು ಬೆಲ್ಲದ ಜೊತೆ ಆ ಹಿರಿಯರ ಒಳ್ಳೆತನವನ್ನೂ ಕೆಜಿ ಲೆಕ್ಕದಲ್ಲಿ ಮಾರಿದ್ದೀರಿ. ಯಾವ ಕೇಸ್ ಬಂದರೂ ನಾನು ಮೊದಲು ನೋಡುವುದು ಇದನ್ನೇ: ಯಜಮಾನರ ತಪ್ಪು ಪ್ಯಾಕೆಟ್ ಮೇಲಿನ ಮಾತನ್ನು ಸುಳ್ಳು ಮಾಡಿತಾ?

ಇಂಗ್ಲೆಂಡಿನಲ್ಲಿ ಜೆರಾಲ್ಡ್ ರಾಟ್ನರ್ ಅಂತ ಒಬ್ಬರಿದ್ದರು. ಅಗ್ಗದ ಒಡವೆಯ ದೊಡ್ಡ ಅಂಗಡಿ ಸರಣಿ. 1991ರಲ್ಲಿ ಉದ್ಯಮಿಗಳ ಸಭೆಯಲ್ಲಿ ನಗಿಸೋಕೆ ಹೋಗಿ, ತಮ್ಮ ಅಂಗಡಿಯ ಗಾಜಿನ ಸೆಟ್ ಅಷ್ಟು ಅಗ್ಗ ಯಾಕೆ ಅಂದರೆ ಅದು ಬರೀ ಕಸ ಅಂದುಬಿಟ್ಟರು. ಕಂಪನಿಯ ಬೆಲೆ ಸುಮಾರು 50 ಕೋಟಿ ಪೌಂಡ್ ಇಳಿಯಿತು. ಮರುವರ್ಷ ಅವರು ಹೊರಗೆ. 1993ರಲ್ಲಿ ಕಂಪನಿ ತನ್ನ ಹೆಸರನ್ನೇ ಸಿಗ್ನೆಟ್ ಅಂತ ಬದಲಿಸಿಕೊಂಡಿತು. ಮಾಲು ನಿನ್ನೆಯದೇ. ಆದರೆ ಅದನ್ನು ಪ್ರೀತಿಯಿಂದ ಉಡುಗೊರೆ ಕೊಟ್ಟವರಿಗೆ ಮುಖ ಎತ್ತೋಕೆ ಆಗಲಿಲ್ಲ.

ನಿಮಗೆ ಇನ್ನೂ ಹತ್ತಿರದ್ದು ಪಾಪಾ ಜಾನ್ಸ್ ಪಿಜ್ಜಾ. ಸ್ಥಾಪಕ ಜಾನ್ ಶ್ನಾಟರ್ ಮುಖವೇ ಜಾಹೀರಾತು. ಫೋನ್ ಸಭೆಯೊಂದರಲ್ಲಿ ಕಪ್ಪು ಜನರನ್ನು ಹೀಯಾಳಿಸುವ ಪದ ಬಳಸಿದ್ದು 2018ರಲ್ಲಿ ಹೊರಬಿತ್ತು. ಅಧ್ಯಕ್ಷ ಸ್ಥಾನ ಬಿಟ್ಟರು, ಪ್ರಚಾರದಿಂದ ಮುಖವೂ ಹೋಯಿತು. ‘ಜಾನ್’ ಮಾತ್ರ ಬೋರ್ಡಿನಲ್ಲೇ ಉಳಿಯಿತು. ನಿಮ್ಮಲ್ಲಿ ಬರೀ ಮುಖ ಇದೆ, ಹೆಸರಿಲ್ಲ ಅಂದರೆ ಪುಣ್ಯವಂತರು.

ಸ್ಟಿಕ್ಕರ್ ಇವತ್ತೇ ನಿಲ್ಲಿಸಿ. ಮುಚ್ಚಿಟ್ಟಿದ್ದನ್ನು ಜನ ಕೆರೆದೇ ಕೆರೆಯುತ್ತಾರೆ. ಇರುವ ಸ್ಟಾಕ್ ಹಾಗೇ ಹೋಗಲಿ, ಮುಂದಿನ ಪ್ರಿಂಟಿನಲ್ಲಿ ಮುಖವೂ ಬೇಡ, ಆ ಸಾಲೂ ಬೇಡ. ಕಬ್ಬಿನ ಗದ್ದೆ ಹಾಕಿ, ಗದ್ದೆ ಯಾರಿಗೂ ಹೊಡೆಯಲ್ಲ. ಪೊಲೀಸ್ ದೂರು ಆಗಿದ್ದರೆ ಮೊದಲು ವಕೀಲರನ್ನು ಕೇಳಿ. ಆಮೇಲೆ ಮಾವನವರೇ ಆ ಹುಡುಗನ ಹತ್ತಿರ ಹೋಗಿ ತಪ್ಪಾಯ್ತು ಅನ್ನಬೇಕು. ಹಾಸನಕ್ಕೂ ಅವರೇ ಫೋನ್ ಮಾಡಲಿ, ನೀವಲ್ಲ. ಎರಡೇ ವಾಕ್ಯ ಸಾಕು, ‘ಆದರೆ’ ಅನ್ನುವ ಪದ ಬರಕೂಡದು. ‘ಬಿಸಿಲಿತ್ತು, ಬಿಪಿ ಇತ್ತು’ ಅಂದರೆ ಮುಗೀತು.

ವಿಜಯನಗರ, ಬಟ್ಟೆ ಅಂಗಡಿ: ಅಂಥ ವಿಡಿಯೊ ಡಿಲೀಟ್ ಮಾಡಿಸಬಹುದಾ?

ಮೇಡಂ: ಒಂದು ಕಡೆ ತೆಗೆಸಿದರೆ ಹತ್ತು ಕಡೆ ಬರುತ್ತದೆ.

ಕುವೆಂಪುನಗರ, ಕ್ಯಾಟರಿಂಗ್: ಫಾರ್ವರ್ಡ್ ಬಂದಿದ್ದು 🙏 ಹೆಸರು ಕೆಟ್ಟರೆ 3 ಸೂತ್ರ! 1. ಅನಾಥಾಶ್ರಮದಲ್ಲಿ ಅನ್ನದಾನ ಮಾಡಿ ವಿಡಿಯೊ ಹಾಕಿ. 2. 200 ಫೈವ್ ಸ್ಟಾರ್ ರಿವ್ಯೂ ಬರೆಸಿ. 3. 48 ಗಂಟೆ ಮೌನ, ಜನ ಮರೆಯುತ್ತಾರೆ.

ಮೇಡಂ: ಈ ಫಾರ್ವರ್ಡ್ ನನಗೆ ಈ ತಿಂಗಳು ನಾಲ್ಕನೇ ಸಲ ಬರುತ್ತಿದೆ. ಕೆನ್ನೆಗೆ ಹೊಡೆದ ಕೈಯಲ್ಲೇ ಮರುದಿನ ಮಕ್ಕಳಿಗೆ ಅನ್ನ ಬಡಿಸಿದರೆ ಜನ ಎರಡೂ ವಿಡಿಯೊ ಅಂಟಿಸಿ ರೀಲ್ ಮಾಡುತ್ತಾರೆ. ಸುಳ್ಳು ರಿವ್ಯೂ ಬರೆಸುವುದು ಗಿರಾಕಿಗೆ ಮಾಡುವ ಮೋಸ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಕಾಯ್ದೆಯಲ್ಲಿ 10 ಲಕ್ಷದವರೆಗೆ ದಂಡ ಇದೆ. ಕಳಿಸುವ ಮುಂಚೆ ಓದಿ.

ಕುವೆಂಪುನಗರ, ಕ್ಯಾಟರಿಂಗ್: ಒಳ್ಳೇದಕ್ಕೆ ಹಾಕಿದೆ ಮೇಡಂ, ಅಷ್ಟು ಸಿಟ್ಟು ಯಾಕೆ.

ಜಯಲಕ್ಷ್ಮೀಪುರಂ, ಟ್ರಾವೆಲ್ಸ್: ಮಂಡ್ಯದವರ ಮಾತೂ ಕೈಯೂ ಸ್ವಲ್ಪ ಮುಂದೆ, ಬಿಡಿ 😄

ಮದ್ದೂರು, ವಡೆ ಹೋಟೆಲ್: ಸ್ವಾಮಿ, ನಾವು ‘ಏನ್ಲಾ’ ಅಂದರೂ ಊಟ ಹಾಕಿಯೇ ಕಳಿಸೋದು. ನೀವು ‘ತಾವು ಬನ್ನಿ’ ಅಂದು ಬಿಲ್ ಜಾಸ್ತಿ ಹಾಕ್ತೀರಿ.

ಜಯಲಕ್ಷ್ಮೀಪುರಂ, ಟ್ರಾವೆಲ್ಸ್: ತಮಾಷೆ ಅಂತ ಗೊತ್ತಾಗಲ್ವಾ?

ಮದ್ದೂರು, ವಡೆ ಹೋಟೆಲ್: ಗೊತ್ತಾಯ್ತು. ದಸರಾ ಟೈಮಲ್ಲಿ ನಿಮ್ಮ ಟ್ಯಾಕ್ಸಿ ರೇಟೂ ತಮಾಷೆಯೇ.

ಅಡ್ಮಿನ್: ವಿಷಯಕ್ಕೆ ಬನ್ನಿ.

ಹೆಬ್ಬಾಳ, ಸಾಫ್ಟ್‌ವೇರ್: ಮನೆ ವಿಷಯ ಮನೇಲಿರಲಿ ಅನ್ನುವವನು ನಾನು. ಆಫೀಸ್ ಬಿಟ್ಟ ಮೇಲೆ ಸಿಇಒ ಏನು ಮಾಡಿದರೆ ಯಾರಿಗೇನು?

ಮೇಡಂ: ಆಫೀಸ್ ಒಳಗಿನ ಕುರ್ಚಿಯ ಬಲ ಬಳಕೆಯಾದರೆ ಅದು ಮನೆ ವಿಷಯ ಅಲ್ಲ. ಮೆಕ್‌ಡೊನಾಲ್ಡ್ಸ್ ಸಿಇಒ ಸ್ಟೀವ್ ಈಸ್ಟರ್‌ಬ್ರೂಕ್ ಅವರನ್ನು 2019ರಲ್ಲಿ ತೆಗೆದಿದ್ದು ಉದ್ಯೋಗಿಯೊಬ್ಬರ ಜೊತೆಗಿನ ಸಂಬಂಧಕ್ಕೆ. ಇಬ್ಬರ ಒಪ್ಪಿಗೆ ಇತ್ತು, ಕಂಪನಿ ನಿಯಮ ಮುರಿದಿತ್ತು. ಆಮೇಲೆ ಇನ್ನಷ್ಟು ಹೊರಬಂದು ಕಂಪನಿಯೇ ಕೋರ್ಟಿಗೆ ಹೋಯಿತು. 2021ರಲ್ಲಿ ಅವರು 10 ಕೋಟಿ ಡಾಲರಿಗೂ ಜಾಸ್ತಿ ವಾಪಸ್ ಕೊಟ್ಟರು.

ಹೆಬ್ಬಾಳ, ಸಾಫ್ಟ್‌ವೇರ್: ಅದು ಅಮೆರಿಕ. ಇಲ್ಲಿ ಯಾರು ಕೇಳ್ತಾರೆ?

ಹೂಟಗಳ್ಳಿ, ಬಿಡಿಭಾಗ ತಯಾರಿಕೆ: ನಿಮ್ಮ ಆಫೀಸಿನ ಹೆಣ್ಣುಮಕ್ಕಳನ್ನು ಕೇಳಿ ನೋಡಿ.

ಹೆಬ್ಬಾಳ, ಸಾಫ್ಟ್‌ವೇರ್: ನಾಲಿಗೆ ಹಿಡಿತದಲ್ಲಿರಲಿ.

ಶ್ರೀರಂಗಪಟ್ಟಣ, ಅಕ್ಕಿ ಗಿರಣಿ: ಮೇಡಂ, ವಿಡಿಯೊ ಡಿಲೀಟ್ ಮಾಡಿಸೋಕೆ ಯಾರನ್ನು ಹಿಡಿಯಬೇಕು?

ಮೇಡಂ: ಮೇಲೆ ಓದಿ.

ಬೋಗಾದಿ, ಹೋಂಸ್ಟೇ: ಮೇಡಂ, ನನ್ನ ಫೋಟೊ ಪ್ರಶ್ನೆ?

ಮಂಡ್ಯ, ಬೆಲ್ಲ: ಮೇಡಂ, ಮಾವ ಒಪ್ಪಿದರು! ದೂರು ಆಗಿಲ್ಲ. ಆ ಹುಡುಗನ ಮನೆಗೇ ಹೊರಟಿದ್ದಾರೆ. ಶಾಲು, ಹಣ್ಣಿನ ಬುಟ್ಟಿ ತಗೊಂಡಿದ್ದಾರೆ. ಜೊತೆಗೆ ಇಬ್ಬರು ಪತ್ರಕರ್ತರು.

ಮೇಡಂ: ಪತ್ರಕರ್ತರನ್ನು ಇಳಿಸಿ. ಶಾಲೂ ಬೇಡ. ಈಗಲೇ ಫೋನ್ ಮಾಡಿ.

ಮಂಡ್ಯ, ಬೆಲ್ಲ: ಮಾವ ಎತ್ತುತ್ತಿಲ್ಲ.

ಮೇಡಂ: ಡ್ರೈವರ್‌ಗೆ ಮಾಡಿ.

ಬೋಗಾದಿ, ಹೋಂಸ್ಟೇ: ಆಯ್ತು ಬಿಡಿ, ನಾನೇ ತೆಗೆದುಬಿಡ್ತೀನಿ.