‘ಕ್ಯೂಸಿ ಪಾಸ್’ ಚೀಟಿ ಇದ್ದರೂ ಕೆಟ್ಟ ಮಾಲು ಗಿರಾಕಿ ಕೈಗೆ ಬರೋದು ಹೇಗೆ?

ಸಂಪಿಗೆಮರ:
ಮಿಕ್ಸಿ, ಗೀಸರ್, ಫ್ಯಾನು, ಯಾವ ಡಬ್ಬ ಬಿಚ್ಚಿದರೂ ಒಳಗೆ ‘ಕ್ಯೂಸಿ ಪಾಸ್’ (ಗುಣಮಟ್ಟ ತಪಾಸಣೆಯಲ್ಲಿ ಪಾಸ್) ಅಂತ ಒಂದು ಚೀಟಿ ಇರುತ್ತೆ. ಆದರೂ ಹೊಸ ಮಿಕ್ಸಿಯ ಜಾರು ಮೊದಲ ವಾರವೇ ಸೋರೋದು, ಮೋಟರಿಗೂ ಜಾರಿಗೂ ಕೊಂಡಿಯಾಗೋ ಕಪ್ಲರ್‌ನ ಹಲ್ಲು ತಿಂಗಳೊಳಗೆ ಸವೆದುಹೋಗೋದು ಅಪರೂಪವೇನಲ್ಲ. ಕಾರ್ಖಾನೆಯಲ್ಲಿ ನಿಜಕ್ಕೂ ಪ್ರತಿ ಪೀಸನ್ನೂ ಪರೀಕ್ಷೆ ಮಾಡ್ತಾರಾ? ದೋಷ ಇದೆ ಅಂತ ಗೊತ್ತಿದ್ದೇ ಕಳಿಸ್ತಾರಾ, ಇಲ್ಲಾ ಗೊತ್ತೇ ಆಗೋದಿಲ್ವಾ? ‘ದುಡ್ಡಿನಾಸೆ’ ಅನ್ನೋ ಒಂದು ಮಾತಿನ ಉತ್ತರ ಬೇಡ. ಒಳಗೆ ಏನು ನಡೆಯುತ್ತೆ ಅಂತ ಬಲ್ಲವರು ಬಿಡಿಸಿ ಹೇಳಿ.

ವರ್ನಿಯರ್:
ಎರಡೂ ನಡೆಯುತ್ತೆ. ಮೊದಲು ಗೊತ್ತಾಗದೆ ಹೋಗೋದರ ಬಗ್ಗೆ ಹೇಳ್ತೀನಿ, ಏಕೆಂದರೆ ಅದೇ ಹೆಚ್ಚು.

ಪ್ರತಿ ಪೀಸಿಗೂ ಮಾಡೋ ಪರೀಕ್ಷೆ ತೀರಾ ಕಡಿಮೆ. ಮೂರು ಪಿನ್ನಿನ ಮಿಕ್ಸಿಯಾದರೆ ಅರ್ಥ್ ಸಂಪರ್ಕ ಇದೆಯಾ, 1000 ವೋಲ್ಟ್ ಒಂದು ಸೆಕೆಂಡ್ ಕೊಟ್ಟಾಗ ಇನ್ಸುಲೇಶನ್ ತಡೆಯುತ್ತಾ, ಎಲ್ಲ ಸ್ಪೀಡಿನಲ್ಲೂ ಮೋಟರ್ ತಿರುಗುತ್ತಾ, ಅಷ್ಟೇ. ಶಾಕ್ ಹೊಡೆಯೋ ಮಿಕ್ಸಿ ಇಲ್ಲಿ ಸಿಕ್ಕಿಬೀಳುತ್ತೆ, ಬೇಗ ಸವೆಯೋ ಮಿಕ್ಸಿ ಸಿಕ್ಕಿಬೀಳೋದಿಲ್ಲ. ಬಾಳಿಕೆಯ ಪರೀಕ್ಷೆ ನಡೆಯೋದು ಮಾಡೆಲ್ ಮಂಜೂರಾಗೋ ಮುಂಚೆ, ಟೈಪ್ ಟೆಸ್ಟ್‌ನಲ್ಲಿ, ಅದೂ ಬೆರಳೆಣಿಕೆ ಪೀಸುಗಳ ಮೇಲೆ.

ಆಮೇಲೆ ಕಪ್ಲರ್ ಕೊಡೋ ಸಪ್ಲೈಯರ್ ಸದ್ದಿಲ್ಲದೆ ರಬ್ಬರ್ ಕಾಂಪೌಂಡ್ ಬದಲಿಸಿದ ಅಂತಿಟ್ಟುಕೊಳ್ಳಿ. ಇನ್ಕಮಿಂಗ್ ಇನ್ಸ್‌ಪೆಕ್ಷನ್‌ನಲ್ಲಿ ಬಂದ ಮಾಲನ್ನು ವರ್ನಿಯರ್ ಮಾಪಕ ಹಿಡಿದು ಅಳೀತಾರೆ, ಅಳತೆ ಸರಿಯಾಗೇ ಇರುತ್ತೆ. ಗಡಸುತನ ನೋಡೋಕೆ ಡ್ಯೂರೋಮೀಟರ್ ಒತ್ತಿದರಾಯ್ತು, ಅರ್ಧ ನಿಮಿಷದ ಕೆಲಸ. ಆದರೆ ಬಿಸಿಗೆ ಆ ರಬ್ಬರ್ ಎಷ್ಟು ಬೇಗ ಬಿರುಸಾಗುತ್ತೆ ಅಂತ ತಿಳಿಯಬೇಕಾದರೆ 70 ಡಿಗ್ರಿ ಓವನ್‌ನಲ್ಲಿ 72 ಗಂಟೆ ಇಟ್ಟು ಮತ್ತೆ ಅಳೀಬೇಕು. ಲೈನ್ ಮೂರು ದಿನ ಕಾಯೋದಿಲ್ಲ. ಸಪ್ಲೈಯರ್ ಕೊಟ್ಟ ಸರ್ಟಿಫಿಕೇಟ್ ಫೈಲಿಗೆ ಹೋಗುತ್ತೆ, ಮಾಲು ಸ್ಟೋರಿಗೆ ಹೋಗುತ್ತೆ. ಜಾರಿನದೂ ಇದೇ ಕಥೆ. ನೀರು ತುಂಬಿಸಿ ನಿಲ್ಲಿಸಿ ನೋಡಿದರೆ ಸೋರದ ಜಾರು, ಬ್ಲೇಡಿನ ಶಾಫ್ಟ್ ಅದು ಕೂರೋ ಬುಶ್ಶಿನಲ್ಲಿ ಸಡಿಲ ಇದ್ದರೆ ಜೋರಾಗಿ ತಿರುಗುವಾಗ ಸೋರುತ್ತೆ.

ಉಳಿದದ್ದೆಲ್ಲ ಸ್ಯಾಂಪ್ಲಿಂಗ್. ಸ್ಯಾಂಪಲ್ ತಪಾಸಣೆಯ ಭಾರತೀಯ ಸ್ಟ್ಯಾಂಡರ್ಡ್ ಐಎಸ್ 2500ರ ಕೋಷ್ಟಕದ ಪ್ರಕಾರ, ಸಾಮಾನ್ಯ ತಪಾಸಣೆಯ 2ನೇ ಹಂತದಲ್ಲಿ, 2000 ಪೀಸಿನ ಲಾಟಿಂದ 125 ತೆಗೆದು ನೋಡಬೇಕು. ಎಕ್ಯೂಎಲ್ (ಒಪ್ಪಬಹುದಾದ ದೋಷದ ಮಿತಿ, ನೂರಕ್ಕೆ ಇಷ್ಟು ಅಂತ) 1.0 ಇಟ್ಟುಕೊಂಡಿದ್ದರೆ 3 ಕೆಟ್ಟವು ಸಿಕ್ಕರೂ ಲಾಟ್ ಪಾಸ್, 4 ಸಿಕ್ಕರೆ ರಿಜೆಕ್ಟ್. ಈಗ ಲೆಕ್ಕ ನೋಡಿ. ಲಾಟಿನಲ್ಲಿ ನೂರಕ್ಕೆ 1 ಕೆಟ್ಟದ್ದಿದ್ದರೆ ಪಾಸಾಗೋ ಸಾಧ್ಯತೆ ಸುಮಾರು ಶೇ 96. ನೂರಕ್ಕೆ 2 ಇದ್ದರೆ ಶೇ 76. ನೂರಕ್ಕೆ 3 ಇದ್ದರೂ ಶೇ 48! ಅಂದರೆ 60 ಕೆಟ್ಟ ಮಿಕ್ಸಿ ಇರೋ ಲಾಟು ಹೆಚ್ಚುಕಡಿಮೆ ಎರಡು ಸಲಕ್ಕೆ ಒಂದು ಸಲ ನಿಯಮದ ಪ್ರಕಾರವೇ ಗೇಟು ದಾಟುತ್ತೆ. ಚೀಟಿಗೆ ಸಹಿ ಹಾಕಿದವನು ಸುಳ್ಳು ಹೇಳಿರೋದಿಲ್ಲ.

ಇದೇ ಸ್ಟ್ಯಾಂಡರ್ಡಿನಲ್ಲಿ ಇನ್ನೊಂದು ನಿಯಮವೂ ಇದೆ. ಸತತ 5 ಲಾಟುಗಳೊಳಗೆ 2 ರಿಜೆಕ್ಟ್ ಆದರೆ ಬಿಗಿ ತಪಾಸಣೆಗೆ ಬದಲಾಗಬೇಕು. ಕೋಷ್ಟಕದ ರಕ್ಷಣೆ ಇರೋದೇ ಈ ಬದಲಾವಣೆಯಲ್ಲಿ. ಇದನ್ನು ಕೈಬಿಟ್ಟು ಬರೀ ಕೋಷ್ಟಕ ಬಳಸೋ ಕಡೆ ಸ್ಯಾಂಪ್ಲಿಂಗ್ ಅನ್ನೋದು ಶಾಸ್ತ್ರಕ್ಕೆ ಮಾಡಿದ ಹಾಗೆ.

ಮೂರನೇಪಾಳಿ:
ಗೊತ್ತಿದ್ದೂ ಹೋಗೋ ದಾರಿಗೆ ಶಾಪ್‌ಫ್ಲೋರಿನಲ್ಲಿ ‘ಡೀವಿಯೇಶನ್’ ಅಂತ ಹೆಸರು. ಅದು ಕಳ್ಳದಾರಿ ಅಲ್ಲ. ಐಎಸ್‌ಒ 9001 ಅನ್ನೋ ಗುಣಮಟ್ಟ ನಿರ್ವಹಣೆಯ ಸ್ಟ್ಯಾಂಡರ್ಡಿನ 8.7ನೇ ಕಲಮಿನಲ್ಲೇ ಅದಕ್ಕೆ ಅವಕಾಶ ಇದೆ. ಡ್ರಾಯಿಂಗಿಗಿಂತ ರಂಧ್ರ 0.05 ಮಿಮೀ ದೊಡ್ಡದಾಗಿದೆ, ಕೆಲಸಕ್ಕೆ ತೊಂದರೆ ಇಲ್ಲ ಅಂತ ಡಿಸೈನ್‌ನವರು ಪರಿಶೀಲಿಸಿ ಒಪ್ಪಿದರೆ ಕಳಿಸಬಹುದು. ಆ ಒಪ್ಪಿಗೆಯ ನೋಟಿನಲ್ಲಿ ಎಷ್ಟು ಪೀಸು, ಯಾವ ತಾರೀಖಿನವರೆಗೆ, ಯಾವ ಸೀರಿಯಲ್ ನಂಬರಿಂದ ಎಲ್ಲಿವರೆಗೆ, ಒಪ್ಪಿದವರು ಯಾರು, ಎಲ್ಲ ಇರಬೇಕು. ತಿಂಗಳ 28, 29ನೇ ತಾರೀಖು ಡಿಸ್ಪ್ಯಾಚ್ ಟಾರ್ಗೆಟ್ ಎದುರಿಗಿದ್ದಾಗ ‘ಎಷ್ಟು ಪೀಸು’ ಅನ್ನೋ ಜಾಗ ಖಾಲಿ ಉಳಿಯುತ್ತೆ. ಮುಂದಿನ ತಿಂಗಳು ಅದೇ ನೋಟಿಗೆ ಹೊಸ ತಾರೀಖು ಬೀಳುತ್ತೆ. ಮೂರನೇ ಸಲ ಅದೇ ಅಲಿಖಿತ ಸ್ಪೆಸಿಫಿಕೇಶನ್ ಆಗಿಬಿಡುತ್ತೆ.

ಇದು ಎಲ್ಲಿಗೆ ಮುಟ್ಟುತ್ತೆ ಅನ್ನೋದಕ್ಕೆ ಅಮೆರಿಕದ ಕಾರು ಕಂಪನಿ ಜನರಲ್ ಮೋಟರ್ಸ್‌ನ ಇಗ್ನಿಷನ್ ಸ್ವಿಚ್ ನೋಡಿ. ಸ್ವಿಚ್ ತಿರುಗೋಕೆ ಬೇಕಾದ ಬಲ ಸ್ಪೆಸಿಫಿಕೇಶನ್‌ಗಿಂತ ಕಡಿಮೆ ಅಂತ ತಿಳಿದಿದ್ದೇ 2002ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಕೀ ಗೊಂಚಲು ಭಾರ ಇದ್ದರೆ, ಮಂಡಿ ತಾಗಿದರೆ, ಓಡೋ ಕಾರಿನ ಕೀ ತಾನಾಗೇ ಹಿಂದಕ್ಕೆ ತಿರುಗಿ ಎಂಜಿನ್ ಆಫ್ ಆಗ್ತಿತ್ತು. ಅದನ್ನು ಒಳಗೆ ‘ಗಿರಾಕಿಗೆ ಅನನುಕೂಲ’ ಅನ್ನೋ ಪಟ್ಟಿಗೆ ಸೇರಿಸಿದ್ದರು, ಸುರಕ್ಷತೆಯ ಪಟ್ಟಿಗಲ್ಲ. ಎಂಜಿನ್ ಆಫ್ ಆದರೆ ಏರ್‌ಬ್ಯಾಗೂ ಬಿಚ್ಚೋದಿಲ್ಲ ಅನ್ನೋ ಕೊಂಡಿಯನ್ನು ಯಾರೂ ಜೋಡಿಸಲಿಲ್ಲ. 2006ರಲ್ಲಿ ಉದ್ದದ ಸ್ಪ್ರಿಂಗ್ ಹಾಕಿ ಸ್ವಿಚ್ ಸರಿ ಮಾಡಿದರು, ಪಾರ್ಟ್ ನಂಬರ್ ಮಾತ್ರ ಬದಲಿಸಲಿಲ್ಲ. ಹಾಗಾಗಿ ಹೊಸ ಕಾರಿನಲ್ಲಿ ಇಲ್ಲದ ತೊಂದರೆ ಹಳೇ ಕಾರಿನಲ್ಲಿ ಯಾಕೆ ಇದೆ ಅಂತ ಹುಡುಕಿದವರಿಗೆ ವರ್ಷಗಟ್ಟಲೆ ತಲೆಬುಡ ಸಿಗಲಿಲ್ಲ. ರಿಕಾಲ್ ಶುರುವಾಗಿದ್ದು 2014ರ ಫೆಬ್ರವರಿಯಲ್ಲಿ, ಒಟ್ಟು ಸುಮಾರು 26 ಲಕ್ಷ ಕಾರುಗಳು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವು 124. ನನ್ನ ಪ್ರಕಾರ ಕಡಿಮೆ ಬಲದ ಸ್ವಿಚ್ಚಿಗಿಂತ ದೊಡ್ಡ ತಪ್ಪು, ನಂಬರ್ ಬದಲಿಸದೆ ಪಾರ್ಟ್ ಬದಲಿಸಿದ್ದು.

ತುಂಗಾತೀರ:
ವರ್ನಿಯರ್ ಅವರ ಲೆಕ್ಕಕ್ಕೆ ಒಂದು ಸೇರ್ಪಡೆ. ಆ ಲೆಕ್ಕ ನೂರಕ್ಕೆ ಒಂದೆರಡು ಬರುವ ದೋಷಕ್ಕೆ. ಅಪಾಯದ ದೋಷಗಳು ಅದಕ್ಕಿಂತ ಎಷ್ಟೋ ಅಪರೂಪ. ಸ್ಯಾಮ್‌ಸಂಗ್ ನೋಟ್ 7 ಫೋನನ್ನು ಬ್ಯಾಟರಿಗೆ ಬೆಂಕಿ ಹತ್ತುತ್ತಿದ್ದ ಕಾರಣ 2016ರ ಸೆಪ್ಟೆಂಬರಿನಲ್ಲಿ ಹಿಂದಕ್ಕೆ ಕರೆದಾಗ ಕಂಪನಿಯೇ ಕೊಟ್ಟ ಅಂಕಿ ಹತ್ತು ಲಕ್ಷಕ್ಕೆ 24. ಅಂಥ ದೋಷ ಶೇ 95ರ ಸಾಧ್ಯತೆಯಲ್ಲಿ ಒಮ್ಮೆಯಾದರೂ ಕಣ್ಣಿಗೆ ಬೀಳಬೇಕಾದರೆ 3ನ್ನು ದೋಷದ ಪ್ರಮಾಣದಿಂದ ಭಾಗಿಸಿ: 1,25,000 ಫೋನು ಪರೀಕ್ಷಿಸಬೇಕು. ನೀವು ಹೇಳಿದ 125ರ ಸಾವಿರ ಪಟ್ಟು.

ಅವಸರದ ದುರಸ್ತಿಯೂ ಅಷ್ಟೇ ಅಪಾಯ. ಮೊದಲ ಸಪ್ಲೈಯರ್‌ನ ಬ್ಯಾಟರಿಯಲ್ಲಿ ಮೇಲಿನ ಮೂಲೆಯಲ್ಲಿ ಎಲೆಕ್ಟ್ರೋಡ್ ಬಾಗಿತ್ತು. ಬದಲಿಗೆ ಬಂದ ಎರಡನೆಯವರ ಬ್ಯಾಟರಿಯಲ್ಲಿ ವೆಲ್ಡಿಂಗ್ ಮುಳ್ಳುಗಳು ಎದ್ದಿದ್ದವು, ಕೆಲವಕ್ಕೆ ಇನ್ಸುಲೇಶನ್ ಟೇಪೇ ಇರಲಿಲ್ಲ. ಅಕ್ಟೋಬರಿನಲ್ಲಿ ತಯಾರಿಕೆಯನ್ನೇ ನಿಲ್ಲಿಸಬೇಕಾಯಿತು. ಇಂಥದ್ದನ್ನು ಕೊನೆಯ ಮೇಜಿನ ತಪಾಸಣೆ ಹಿಡಿಯಲಾರದು. ವೆಲ್ಡಿಂಗ್ ಯಂತ್ರದ ಹತ್ತಿರವೇ ಮುಳ್ಳಿನ ಎತ್ತರ ಅಳೆಯಬೇಕು, ಟೇಪ್ ಇಲ್ಲದ ಸೆಲ್ ಮುಂದಿನ ಯಂತ್ರಕ್ಕೆ ಹೋಗದಂತೆ ಸೆನ್ಸರ್ ತಡೆಯಬೇಕು.

ಸಂಪಿಗೆಮರ:
ತುಂಬಾ ಉಪಕಾರ. ಕೊಂಡವರು ಮಾಡಬೇಕಾದ್ದೇನು?

ವರ್ನಿಯರ್:
ಐಎಸ್‌ಐ ಗುರುತಿನ ಕೆಳಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರ್ ಇರುತ್ತೆ. ಅದನ್ನು ಭಾರತೀಯ ಮಾನಕ ಬ್ಯೂರೋದ ಬಿಐಎಸ್ ಕೇರ್ ಆಪ್‌ನಲ್ಲಿ ಹಾಕಿ, ಆ ಕಂಪನಿಗೆ ಆ ವಸ್ತುವಿಗೇ ಕೊಟ್ಟ ಲೈಸೆನ್ಸಾ, ಇನ್ನೂ ಚಾಲ್ತಿಯಲ್ಲಿದೆಯಾ ನೋಡಿ. ದೂರು ಕೊಡುವಾಗ ಸೀರಿಯಲ್ ನಂಬರ್ ಮತ್ತು ತಯಾರಾದ ತಿಂಗಳನ್ನು ತಪ್ಪದೆ ಬರೆಯಿರಿ. ಒಂದೇ ಬ್ಯಾಚಿಂದ ನಾಲ್ಕಾರು ದೂರು ಬಂದರೆ ಮಾತ್ರ ಕಾರ್ಖಾನೆಯಲ್ಲಿ ಆ ಲಾಟಿನ ಕಾಗದ ಹೊರಗೆ ಬರುತ್ತೆ. ಬರೀ ‘ಮಿಕ್ಸಿ ಕೆಟ್ಟಿದೆ’ ಅಂತ ಬರೆದರೆ ಬರೋದಿಲ್ಲ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಒಂದು ಸೂಕ್ಷ್ಮ ಇದೆ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ‘ಉತ್ಪನ್ನ ಹೊಣೆಗಾರಿಕೆ’ ಅಧ್ಯಾಯ ಆ ವಸ್ತುವಿನಿಂದ ಮೈಗೆ ಗಾಯವಾದರೆ, ಬೇರೆ ಆಸ್ತಿ ಹಾಳಾದರೆ ಅನ್ವಯಿಸುತ್ತೆ. ಮಿಕ್ಸಿಯೇ ಕೆಟ್ಟಿದ್ದಕ್ಕೆ ದೋಷಯುಕ್ತ ಸರಕಿನ ಸಾಮಾನ್ಯ ದೂರು ಕೊಡಬೇಕು.

ಮೂರನೇಪಾಳಿ:
ಸರ್ವಿಸ್‌ನವರು ಹೊಸ ಕಪ್ಲರ್ ಹಾಕುವಾಗ ಸವೆದ ಹಳೇದನ್ನು ಕೊಂಡೊಯ್ಯೋ ಮುಂಚೆ ಅದರ ಫೋಟೋ ತೆಗೆದುಕೊಳ್ಳಿ, ಬದಲಿಸಿದ ಪಾರ್ಟಿನ ಹೆಸರನ್ನು ಜಾಬ್ ಶೀಟಿನಲ್ಲಿ ಬರೆಸಿಕೊಳ್ಳಿ. ಎರಡನೇ ಸಲ ಅದೇ ಪಾರ್ಟು ಹೋದಾಗ ನಿಮ್ಮ ಕೈಯಲ್ಲಿ ಇರೋ ದಾಖಲೆ ಅದೊಂದೇ.