ಕೈಗಾರಿಕಾ ಮನೋವಿಜ್ಞಾನ ಓದಿದವರಿಗೆ ಕೆಲಸ ಎಲ್ಲಿದೆ?

ಪ್ರಶ್ನೆ: ಧಾರವಾಡದ ವಿದ್ಯಾರ್ಥಿನಿ

ನಾನು ಮನೋವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿಯ ಮೊದಲ ವರ್ಷದಲ್ಲಿದ್ದು, ವಿಶೇಷ ವಿಷಯವನ್ನು ಆರಿಸಿಕೊಳ್ಳುವ ಸಮಯ ಬಂದಿದೆ. ಕ್ಲಿನಿಕಲ್ ಸೈಕಾಲಜಿಯಾದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ, ಆಮೇಲೆ ಆಸ್ಪತ್ರೆ ಎಂದು ದಾರಿ ಕಾಣುತ್ತದೆ. ನನಗೆ ಒಲವಿರುವುದು ಕೈಗಾರಿಕಾ ಮತ್ತು ಸಾಂಸ್ಥಿಕ ಮನೋವಿಜ್ಞಾನದ ಕಡೆಗೆ, ಅಂದರೆ ಕೆಲಸದ ಜಾಗದಲ್ಲಿ ಜನರ ವರ್ತನೆಯನ್ನು ಅಧ್ಯಯನ ಮಾಡುವ ಶಾಖೆಯ ಕಡೆಗೆ. ಆದರೆ ಆ ಹೆಸರಿನ ಹುದ್ದೆಗೆ ಕರೆದ ಜಾಹೀರಾತು ಒಂದೂ ಕಣ್ಣಿಗೆ ಬಿದ್ದಿಲ್ಲ. ಎಚ್.ಆರ್. (ಮಾನವ ಸಂಪನ್ಮೂಲ) ಕೆಲಸಕ್ಕೇ ಹೋಗುವುದಾದರೆ ಎಂ.ಬಿ.ಎ. ಮಾಡಬಹುದಿತ್ತಲ್ಲ ಎಂದು ಮನೆಯಲ್ಲಿ ಕೇಳುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ 1: ಬೆಂಗಳೂರಿನ ಉದ್ಯೋಗಿ

ಆ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ನೇಮಕಾತಿ ಪರೀಕ್ಷೆಗಳನ್ನು ರೂಪಿಸುವ ಸಂಸ್ಥೆಗಳು, ತರಬೇತಿ ವಿಭಾಗಗಳು, ಉದ್ಯೋಗಿಗಳ ದತ್ತಾಂಶವನ್ನು ವಿಶ್ಲೇಷಿಸುವ ತಂಡಗಳು, ಸಲಹಾ ಸಂಸ್ಥೆಗಳು, ಇಲ್ಲೆಲ್ಲ ನಮ್ಮವರು ಬೇರೆ ಬೇರೆ ಹುದ್ದೆಯ ಹೆಸರು ಹೊತ್ತು ಇದೇ ಕೆಲಸ ಮಾಡುತ್ತಿದ್ದಾರೆ.

ಎಂ.ಬಿ.ಎ.ಗೂ ಇದಕ್ಕೂ ಇರುವ ವ್ಯತ್ಯಾಸ ನನಗೆ ಹೊಳೆದದ್ದು ಒಂದು ಕಾರ್ಖಾನೆಯಲ್ಲಿ ಮೇಲ್ವಿಚಾರಕರ ಆಯ್ಕೆ ನಡೆಯುತ್ತಿದ್ದಾಗ. ಒಬ್ಬನೇ ಅಭ್ಯರ್ಥಿಗೆ ಒಬ್ಬ ಸಂದರ್ಶಕರು ಹತ್ತಕ್ಕೆ ಎಂಟು ಕೊಟ್ಟಿದ್ದರು, ಪಕ್ಕದಲ್ಲಿ ಕುಳಿತವರು ಮೂರು. ವಿಚಾರಿಸಿದರೆ ಮೊದಲನೆಯವರು ಯಂತ್ರದ ಜ್ಞಾನ ನೋಡಿದ್ದರು, ಎರಡನೆಯವರು ಇಂಗ್ಲಿಷ್ ನೋಡಿದ್ದರು. ನಾವು ಮೊದಲು ಆ ಹುದ್ದೆಯಲ್ಲಿದ್ದವರು ದಿನವಿಡೀ ಏನು ಮಾಡುತ್ತಾರೆಂದು ಮೂರು ಪಾಳಿಗಳಲ್ಲಿ ನಿಂತು ಬರೆದುಕೊಂಡೆವು. ಆಮೇಲೆ, ‘ಪಾಳಿ ಮುಗಿಯಲು ಹತ್ತು ನಿಮಿಷವಿರುವಾಗ ಯಂತ್ರ ನಿಂತರೆ ಏನು ಮಾಡುತ್ತೀರಿ?’ ಎಂಬಂಥ ಪ್ರಶ್ನೆಗಳನ್ನು ಎಲ್ಲ ಅಭ್ಯರ್ಥಿಗಳಿಗೂ ಒಂದೇ ಕ್ರಮದಲ್ಲಿ ಕೇಳುವಂತೆ ಮಾಡಿ, ಎಂಥ ಉತ್ತರಕ್ಕೆ ಒಂದು ಅಂಕ, ಎಂಥದ್ದಕ್ಕೆ ಐದು ಎಂಬುದನ್ನು ಮೊದಲೇ ಬರೆದಿಟ್ಟೆವು. ಸಂದರ್ಶಕರು ಗೊಣಗಿದರು, ಆದರೆ ಅಂಕಗಳ ಅಂತರ ತಗ್ಗಿತು. ನಿಮ್ಮ ಮನೆಯವರಿಗೆ ಈ ಕೆಲಸವನ್ನೇ ವಿವರಿಸಿ.

ಉತ್ತರ 2: ನಿವೃತ್ತ ರೈಲ್ವೆ ನೌಕರ

ಸರ್ಕಾರಿ ವಲಯವನ್ನು ಮರೆಯಬೇಡಿ. ಬಿಹಾರದ ಡುಮ್ರಾಂವ್ ಬಳಿ 1962ರಲ್ಲಿ ನಡೆದ ರೈಲು ಅಪಘಾತಕ್ಕೆ ಮಾನವ ಲೋಪವೇ ಕಾರಣವೆಂದು ಕಂಡುಬಂದ ಮೇಲೆ, ಲಖನೌದ ರೈಲ್ವೆ ಸಂಶೋಧನಾ ಸಂಸ್ಥೆಯಲ್ಲಿ 1964ರಲ್ಲಿ ಮನೋತಾಂತ್ರಿಕ ಘಟಕ, ಅಂದರೆ ನೌಕರರ ಮಾನಸಿಕ ಸಾಮರ್ಥ್ಯವನ್ನು ಪರೀಕ್ಷಿಸುವ ವಿಭಾಗ, ಆರಂಭವಾಯಿತು. ಸಹಾಯಕ ಲೋಕೋ ಪೈಲಟ್ (ರೈಲು ಚಾಲಕರ ಸಹಾಯಕ) ಹುದ್ದೆಗೆ ಇಂದಿಗೂ ಗಮನ, ಗ್ರಹಿಕೆಯ ವೇಗ ಮುಂತಾದವನ್ನು ಅಳೆಯುವ ಕಂಪ್ಯೂಟರ್ ಪರೀಕ್ಷೆಗಳಿವೆ. ಪ್ರತಿಯೊಂದರಲ್ಲೂ ಕನಿಷ್ಠ 42 ಟಿ-ಸ್ಕೋರ್ (ಸರಾಸರಿಯನ್ನು 50 ಎಂದಿಟ್ಟುಕೊಂಡು ಲೆಕ್ಕ ಹಾಕುವ ಅಂಕ) ಬರಲೇಬೇಕು, ಯಾವ ವರ್ಗಕ್ಕೂ ರಿಯಾಯಿತಿ ಇಲ್ಲ. ಸೇನಾಧಿಕಾರಿಗಳ ಆಯ್ಕೆಯ ಹಿಂದೆಯೂ ದೆಹಲಿಯ ರಕ್ಷಣಾ ಮನೋವೈಜ್ಞಾನಿಕ ಸಂಶೋಧನಾ ಸಂಸ್ಥೆಯ ಕೆಲಸವಿದೆ. ಇಲ್ಲಿ ಹುದ್ದೆಗಳು ಕಡಿಮೆ ಎಂಬುದನ್ನೂ ಹೇಳಿಬಿಡುತ್ತೇನೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಒಂದು ಅಳುಕು ಉಳಿದಿದೆ: ನಾನು ಕಲಾ ವಿಭಾಗದಿಂದ ಬಂದವಳು, ಸಂಖ್ಯಾಶಾಸ್ತ್ರವೆಂದರೆ ಕೈ ನಡುಗುತ್ತದೆ.

ಉತ್ತರ 3: ಮೈಸೂರಿನ ಅಧ್ಯಾಪಕಿ

ಸಂಖ್ಯಾಶಾಸ್ತ್ರವನ್ನು ತಪ್ಪಿಸಿಕೊಂಡು ಈ ಕ್ಷೇತ್ರದಲ್ಲಿ ಮುಂದೆ ಹೋಗಲು ಸಾಧ್ಯವಿಲ್ಲ. ಸುಳ್ಳು ಸಮಾಧಾನ ಹೇಳಲಾರೆ. ನಮ್ಮ ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನೋವಿಜ್ಞಾನ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರನ್ನು ಜನ ನೆನೆಯುವುದು ಅವರು ಮೈಸೂರಿನಲ್ಲಿ ಆರಂಭಿಸಿದ ಬಾನುಲಿ ಕೇಂದ್ರದ, ಆಕಾಶವಾಣಿಯ, ಹೆಸರಿನೊಂದಿಗೆ. ಆದರೆ ಅವರು ಲಂಡನ್ನಿನಲ್ಲಿ ಕಲಿತದ್ದು, ಘಟಕ ವಿಶ್ಲೇಷಣೆ (ಫ್ಯಾಕ್ಟರ್ ಅನಾಲಿಸಿಸ್) ಎಂಬ ಸಂಖ್ಯಾಶಾಸ್ತ್ರೀಯ ವಿಧಾನಕ್ಕೆ ಅಡಿಪಾಯ ಹಾಕಿದ ಮನೋವಿಜ್ಞಾನಿ ಸ್ಪಿಯರ್‌ಮನ್ ಬಳಿ. ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಬದಲಾಗುತ್ತವೆ ಎಂಬುದು), ಹಿಂಚಲನೆ (ಒಂದರಿಂದ ಇನ್ನೊಂದನ್ನು ಅಂದಾಜಿಸುವುದು), ಪರೀಕ್ಷೆಯ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಫಲಿತಾಂಶ ಹೆಚ್ಚು ಬದಲಾಗದಿರುವುದು) ಮತ್ತು ಸಿಂಧುತ್ವ (ಅಳೆಯಬೇಕಾದದ್ದನ್ನೇ ಅಳೆಯುವುದು), ಇಷ್ಟನ್ನು ಅರ್ಥವಾಗುವವರೆಗೆ ಬಿಡದೆ ಕಲಿಯಿರಿ. ಲೆಕ್ಕಕ್ಕೆ ಉಚಿತವಾಗಿ ಸಿಗುವ ‘ಆರ್’ (R) ಎಂಬ ಸಂಖ್ಯಾಶಾಸ್ತ್ರ ತಂತ್ರಾಂಶ ಸಾಕು.

ಪುಸ್ತಕದ ಲೆಕ್ಕಗಳಿಗಿಂತ ನೀವೇ ಸಂಗ್ರಹಿಸಿದ ಅಂಕಿಗಳು ಬೇಗ ಭಯ ಬಿಡಿಸುತ್ತವೆ. ಪಕ್ಕದ ಹುಬ್ಬಳ್ಳಿಯಲ್ಲೇ ವಾಯವ್ಯ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. ಲಿಖಿತ ಅನುಮತಿ ಕೇಳಿ, ರಾತ್ರಿ ಪಾಳಿಯ ಚಾಲಕರ ನಿದ್ರೆ ಮತ್ತು ಗಮನವನ್ನು ಕುರಿತು ಕಿರುಪ್ರಬಂಧ ಮಾಡಬಹುದು. ಪ್ರಶ್ನಾವಳಿಯನ್ನು ಮಾತ್ರ ಧಾರವಾಡದ ಕನ್ನಡದಲ್ಲೇ ಬರೆಯಿರಿ.